ತೊಡೆಸಂದಿನ ನೋವು: ಸಂಕೋಚ ಬೇಡ, ವಿಳಂಬ ಸಲ್ಲದು



ವಾರಾಣಸಿಯ ಭೇಲೂಪುರವು ಇಪ್ಪತ್ತಮೂರನೆಯ ತೀರ್ಥಂಕರನಾದ ಪಾರ್ಶ್ವನಾಥನ ಜನ್ಮಸ್ಥಳವೆಂದು ಜೈನರಿಗೆ ಪವಿತ್ರವಾದುದು. ಪಟ್ಟಣಕ್ಕೆ ಗಂಗೆಯ ನೀರನ್ನು ಸೋಸಿ ಹಂಚುವ ಜಲಾಗಾರ 1892ರಿಂದ ಇಲ್ಲಿದೆ. ಇಲ್ಲಿಂದ ನದಿಯ ಕಡೆಗೆ ಇಳಿದರೆ ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಹನುಮಾನ್ ಘಾಟ್‌ಗಳು. ಅವುಗಳ ನಡುವೆಯೇ ಹಿಂದಿನ ಮೈಸೂರು ಸಂಸ್ಥಾನದ ಹೆಸರಿನಲ್ಲಿದ್ದು ಈಗ ಕರ್ನಾಟಕದ ಹೆಸರನ್ನು ಹೊತ್ತಿರುವ ಘಾಟೂ ಇದೆ. ಗೋದೌಲಿಯಾದ ಕಡೆಗೆ ನಡೆದರೆ ಜಂಗಮವಾಡಿ ಮಠ. ಹೀಗಾಗಿ ಈ ಬೀದಿಗಳಲ್ಲಿ ಕನ್ನಡದ ಮಾತು ಕಿವಿಗೆ ಬೀಳದ ದಿನವಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಕಾಶಿಯಾತ್ರೆಯ ವಿಶೇಷ ರೈಲು ಆರಂಭವಾದ ಮೇಲಂತೂ ಹಳ್ಳಿಗಳ ವಯೋವೃದ್ಧರಿಗೆ ಈ ಪ್ರಯಾಣ ಹಿಂದಿಗಿಂತ ಸುಲಭವಾಗಿದೆ.

ಆದರೆ ಪ್ರಯಾಣವು ದೇಹವನ್ನು ಪರೀಕ್ಷಿಸದೆ ಬಿಡುವುದಿಲ್ಲ. ಎರಡು ದಿನಗಳ ರೈಲು, ಎತ್ತಿ ಇಳಿಸಬೇಕಾದ ಗಂಟುಮೂಟೆ, ಕಡಿದಾದ ಘಾಟಿನ ಮೆಟ್ಟಿಲುಗಳು, ಒದ್ದೆ ಬಟ್ಟೆಯಲ್ಲಿಯೇ ನಡೆಯುವ ಪೂಜೆ, ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕಡಿಮೆ ಮಾಡುವ ಅಭ್ಯಾಸ ಇವೆಲ್ಲವೂ ಸೇರಿ, ಊರಿನಲ್ಲಿ ಅಡಗಿದ್ದ ವ್ಯಾಧಿ ಇಲ್ಲಿ ತಲೆ ಎತ್ತುವುದುಂಟು. ಅಂಥವುಗಳಲ್ಲಿ ಬಾಯಿಬಿಟ್ಟು ಹೇಳಲು ಜನ ಅತ್ಯಂತ ಹಿಂಜರಿಯುವುದು ತೊಡೆಸಂದಿನ ನೋವು ಅಥವಾ ಬಾವು. ಹೊಟ್ಟೆ ತೊಡೆಗೆ ಕೂಡುವ ಮಡಿಕೆಗೆ ತೊಡೆಸಂದು ಎನ್ನುತ್ತಾರೆ. ಗುಪ್ತಾಂಗಕ್ಕೆ ಸಮೀಪವಾದುದೇ ಅದರ ದುರದೃಷ್ಟ. ತಂದೆ ಮಗನ ಮುಂದೆ, ಅತ್ತೆ ಸೊಸೆಯ ಮುಂದೆ, ಹದಿಹರೆಯದ ಹುಡುಗ ತಾಯಿಯ ಮುಂದೆ ಹೇಳುವುದು ಒಂದೇ ಮಾತು: "ಹೊಟ್ಟೆ ನೋಯುತ್ತಿದೆ." ವೈದ್ಯರ ಎದುರಿನಲ್ಲಿಯೂ ಅದೇ ಮಾತು ಉಳಿದರೆ ಪರೀಕ್ಷೆ ತಪ್ಪು ಜಾಗದಲ್ಲಿ ನಡೆಯುತ್ತದೆ, ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ.

ಈ ಸಣ್ಣ ಜಾಗದಲ್ಲಿ ಸ್ನಾಯುಗಳು, ಸೊಂಟದ ಕೀಲು, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳು, ನರಗಳು, ದುಗ್ಧರಸ ಗ್ರಂಥಿಗಳು ಒಂದರ ಪಕ್ಕದಲ್ಲೊಂದು ಇವೆ. ಗಂಡಸರಲ್ಲಿ ವೃಷಣಕ್ಕೆ ರಕ್ತವನ್ನೊಯ್ಯುವ ಹುರಿಯೂ ಇಲ್ಲಿಂದಲೇ ಇಳಿಯುತ್ತದೆ. ಇವುಗಳಲ್ಲಿ ಯಾವುದು ಕೆಟ್ಟರೂ ನೋವು ಅದೇ ಮಡಿಕೆಯಲ್ಲಿ ಕಾಣಿಸಿಕೊಳ್ಳಬಹುದು. ಅಷ್ಟೇ ಅಲ್ಲ, ಮೂತ್ರಪಿಂಡದಲ್ಲಿ ಅಥವಾ ಬೆನ್ನೆಲುಬಿನಲ್ಲಿ ಹುಟ್ಟಿದ ತೊಂದರೆಯೂ ಇಲ್ಲಿಗೆ ಇಳಿದು ಬರುತ್ತದೆ. ಆದ್ದರಿಂದ ತೊಡೆಸಂದಿನ ನೋವು ಒಂದು ರೋಗದ ಹೆಸರಲ್ಲ, ಹಲವು ರೋಗಗಳ ಸಾಮಾನ್ಯ ಲಕ್ಷಣ.

ಇವುಗಳಲ್ಲಿ ತೀರ ಸಾಮಾನ್ಯವಾದುದು ಸ್ನಾಯುವಿನ ಉಳುಕು. ಒದ್ದೆ ಮೆಟ್ಟಿಲಿನಲ್ಲಿ ಕಾಲು ಜಾರಿ ತೊಡೆಗಳು ಅಗಲವಾದಾಗ, ಭಾರವನ್ನು ಒಮ್ಮೆಗೇ ಎತ್ತಿದಾಗ, ಕಬಡ್ಡಿ ಅಥವಾ ಫುಟ್‌ಬಾಲ್ ಆಡುವಾಗ ಒಳತೊಡೆಯ ಸ್ನಾಯು ಎಳೆದು ಗಾಯಗೊಳ್ಳುತ್ತದೆ. ಕಾಲುಗಳನ್ನು ಒಂದಕ್ಕೊಂದು ಒತ್ತಿದರೆ ನೋವು ಹೆಚ್ಚುತ್ತದೆ, ಆದರೆ ಗಂಟು ಇರುವುದಿಲ್ಲ, ಜ್ವರವೂ ಇರುವುದಿಲ್ಲ. ವಿಶ್ರಾಂತಿ ಮತ್ತು ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ಒತ್ತಡ ಇದಕ್ಕೆ ಸಾಕು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿಕೊಳ್ಳುವುದರಿಂದ ಗಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಎರಡು ವಾರಗಳಲ್ಲಿ ಗುಣ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು.

ತೊಡೆಸಂದಿನ ಚರ್ಮದ ತುರಿಕೆಯೂ ಈ ಊರಿನ ಮಳೆಗಾಲದಲ್ಲಿ ಸರ್ವಸಾಮಾನ್ಯ. ಹುಳುಕಡ್ಡಿ, ಗಜಕರ್ಣ ಎಂದು ಕರೆಯುವ ಈ ಶಿಲೀಂಧ್ರದ ಸೋಂಕು ಬೆವರು ಮತ್ತು ಒದ್ದೆಬಟ್ಟೆಯಿಂದ ಬೆಳೆಯುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಮಿಶ್ರ ಮುಲಾಮಿನಿಂದ ತುರಿಕೆ ಎರಡೇ ದಿನಗಳಲ್ಲಿ ನಿಂತು, ಆಮೇಲೆ ಇಮ್ಮಡಿಯಾಗಿ ಮರಳುವ ಅನುಭವ ಅನೇಕರದು. ಅದರಲ್ಲಿರುವ ಸ್ಟೀರಾಯ್ಡ್ ಉರಿಯನ್ನು ಅಡಗಿಸಿ ಶಿಲೀಂಧ್ರವನ್ನು ಪೋಷಿಸುವುದೇ ಇದಕ್ಕೆ ಕಾರಣ. ಚರ್ಮಕ್ಕೆ ಹಚ್ಚುವ ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮ ಮಾಡಿದೆ. ಸಕ್ಕರೆ ಕಾಯಿಲೆಯವರು ಮಾತ್ರ ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ತೊಡೆಸಂದು ಅಥವಾ ವೃಷಣ ಚೀಲದ ಚರ್ಮ ಕೆಂಪಾಗಿ, ತೀವ್ರ ನೋವಿನಿಂದ ಕೂಡಿ, ಗಂಟೆಗಂಟೆಗೆ ಹರಡುತ್ತಾ ಕಪ್ಪಾಗತೊಡಗಿದರೆ ಅದು ಹುಳುಕಡ್ಡಿಯಲ್ಲ, ಪ್ರಾಣಕ್ಕೆ ಎರವಾಗುವ ಕೊಳೆತ. ಅಂಥವರು ಅದೇ ದಿನ ಆಸ್ಪತ್ರೆ ಸೇರಬೇಕು.

ಈಗ ಗಂಟಿನ ವಿಷಯ. ಕಲಬುರಗಿಯ ಕಡೆಯಿಂದ ಬಂದ, ಅರವತ್ತೈದು ದಾಟಿದ ರೈತರೊಬ್ಬರನ್ನು ಊಹಿಸಿಕೊಳ್ಳೋಣ. ಅವರ ಬಲ ತೊಡೆಸಂದಿನಲ್ಲಿ ನಾಲ್ಕಾರು ವರ್ಷಗಳಿಂದ ನಿಂಬೆಹಣ್ಣಿನಷ್ಟು ಉಬ್ಬು ಇದೆ. ನಿಂತಾಗ, ಕೆಮ್ಮಿದಾಗ ಹೊರಬರುತ್ತದೆ. ಮಲಗಿದರೆ ತಾನಾಗಿ ಒಳಹೋಗುತ್ತದೆ. ನೋವಿಲ್ಲ. ಊರಿನಲ್ಲಿ ಇದಕ್ಕೆ ಅಂಡವಾಯು ಎನ್ನುತ್ತಾರೆ. ಯಾತ್ರೆಯ ಮೂರನೆಯ ದಿನ, ಸೂಟ್‌ಕೇಸನ್ನು ಮಹಡಿಗೆ ಹೊತ್ತ ರಾತ್ರಿ, ಉಬ್ಬು ಒಳಹೋಗಲೇ ಇಲ್ಲ. ಬೆಳಗಿನ ಹೊತ್ತಿಗೆ ಅದು ಗಟ್ಟಿಯಾಗಿ ಮುಟ್ಟಿದರೆ ನೋಯುತ್ತಿತ್ತು, ಹೊಟ್ಟೆ ಉಬ್ಬರಿಸಿ ವಾಂತಿಯಾಗುತ್ತಿತ್ತು. ಜೊತೆಗಾರರು ಊಟ ಹಿಡಿಸಲಿಲ್ಲವೆಂದು ಓಮದ ಕಷಾಯ ಕೊಟ್ಟರು.

ಇದು ಹರ್ನಿಯಾ. ಹೊಟ್ಟೆಯ ಗೋಡೆಯ ದುರ್ಬಲವಾದ ಸ್ಥಳದಿಂದ ಕರುಳಿನ ಕುಣಿಕೆ ಹೊರಗೆ ನುಸುಳುವುದು ಇದರ ಮೂಲ. ಗಂಡಸರಲ್ಲಿ ನೂರಕ್ಕೆ ಸುಮಾರು 27 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಜೀವಮಾನದಲ್ಲಿ ಒಮ್ಮೆ ತೊಡೆಸಂದಿನ ಹರ್ನಿಯಾ ಬರುತ್ತದೆಂದು ಅಂದಾಜು. ಹಳೆಯ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೆ ತಿಣುಕುವುದು ಇವು ಗೋಡೆಯ ಮೇಲಿನ ಒತ್ತಡವನ್ನು ಹೆಚ್ಚಿಸುತ್ತವೆ. ಒಳಗೆ ಹೋಗಿ ಬರುತ್ತಿರುವವರೆಗೆ ಅದು ಅಪಾಯಕಾರಿಯಲ್ಲ. ಹೊರಬಂದ ಕರುಳು ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಂಡು ಅದರ ರಕ್ತಸಂಚಾರ ನಿಂತಾಗ ಮಾತ್ರ ಕಥೆ ಬೇರೆಯಾಗುತ್ತದೆ. ಆಗ ಕರುಳು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಮೇಲೆ ಹೇಳಿದ ರೈತರಿಗೆ ಬೇಕಾದುದು ಕಷಾಯವಲ್ಲ. ಏನನ್ನೂ ತಿನ್ನಿಸದೆ, ಕುಡಿಸದೆ, ಉಬ್ಬನ್ನು ಬಲವಂತವಾಗಿ ಒಳಗೆ ತಳ್ಳದೆ, ನೇರವಾಗಿ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕರೆದೊಯ್ಯುವುದು.

ಬೆಲ್ಟು ಕಟ್ಟಿಕೊಂಡರೆ ಹರ್ನಿಯಾ ವಾಸಿಯಾಗುವುದೆಂಬ ನಂಬಿಕೆ ಇನ್ನೂ ಪ್ರಚಲಿತವಾಗಿದೆ. ಬೆಲ್ಟು ಉಬ್ಬನ್ನು ಕೆಲಕಾಲ ತಡೆದೀತು, ರಂಧ್ರವನ್ನು ಮುಚ್ಚಲಾರದು. ಗೋಡೆಯನ್ನು ಬಲೆಯಿಂದ ಭದ್ರಪಡಿಸುವ ಶಸ್ತ್ರಚಿಕಿತ್ಸೆಯೊಂದೇ ಸ್ಥಿರವಾದ ಪರಿಹಾರ. ಯಾವ ತೊಂದರೆಯನ್ನೂ ಕೊಡದ ಸಣ್ಣ ಉಬ್ಬಿಗೆ ವೈದ್ಯರು ಕಾದುನೋಡಲು ಹೇಳಬಹುದು. ಆ ನಿರ್ಧಾರ ವೈದ್ಯರದಾಗಿರಬೇಕು, ನೆರೆಯವರದಲ್ಲ. ಹೆಂಗಸರಿಗೆ ಇಷ್ಟು ಸಾವಕಾಶವಿಲ್ಲ. ಅವರಲ್ಲಿ ತೊಡೆಯ ಮೇಲ್ಭಾಗದಲ್ಲಿ, ಮಡಿಕೆಯ ಕೆಳಗೆ ಕಾಣುವ ಚಿಕ್ಕ ಹರ್ನಿಯಾ ಸಿಕ್ಕಿಕೊಳ್ಳುವ ಸಂಭವ ಬಹಳ ಹೆಚ್ಚು. ಹರ್ನಿಯಾ ಗಂಡಸರ ಕಾಯಿಲೆಯೆಂಬ ತಪ್ಪು ತಿಳಿವಳಿಕೆಯಿಂದ ಅಜ್ಜಿಯಂದಿರ ವಾಂತಿಗೆ ನಿಜವಾದ ಕಾರಣ ಗೊತ್ತಾಗದೆ ಹೋಗುವುದುಂಟು. ಅತ್ತಾಗಲೆಲ್ಲ ತೊಡೆಸಂದು ಉಬ್ಬುವ ಹಸುಗೂಸನ್ನೂ ಬೆಳೆದರೆ ಸರಿಹೋದೀತೆಂದು ಬಿಡಕೂಡದು.

ಅಂಡವಾಯು ಎಂಬ ಒಂದೇ ಹೆಸರಿನಲ್ಲಿ ನಮ್ಮ ಜನ ಎರಡು ಬೇರೆ ಬೇರೆ ವ್ಯಾಧಿಗಳನ್ನು ಸೇರಿಸಿಬಿಟ್ಟಿದ್ದಾರೆ. ಒಂದು ಈಗ ಹೇಳಿದ ಹರ್ನಿಯಾ, ಮತ್ತೊಂದು ವೃಷಣದ ಸುತ್ತ ನೀರು ತುಂಬುವ ಹೈಡ್ರೋಸೀಲ್. ಇವೆರಡನ್ನೂ ಪ್ರಾಚೀನರು ಬೇರ್ಪಡಿಸಿದ್ದರೆಂಬುದು ಗಮನಾರ್ಹ, ಅದೂ ಇದೇ ಕಾಶಿಯ ಹೆಸರಿನಲ್ಲಿ. ಕಾಶಿರಾಜ ದಿವೋದಾಸನಾದ ಧನ್ವಂತರಿಯು ಶಿಷ್ಯರಿಗೆ ಬೋಧಿಸಿದನೆಂದು ಹೇಳಿಕೊಳ್ಳುವ ಸುಶ್ರುತ ಸಂಹಿತೆಯು ಏಳು ಬಗೆಯ ವೃದ್ಧಿರೋಗಗಳನ್ನು ಎಣಿಸುತ್ತದೆ. ಅದರಲ್ಲಿ ಕರುಳಿಳಿಯುವುದು ಅಂತ್ರವೃದ್ಧಿ, ನೀರು ತುಂಬುವುದು ಮೂತ್ರವೃದ್ಧಿ. ಎರಡನೆಯದಕ್ಕೆ ಚುಚ್ಚಿ ನಳಿಕೆಯಿಂದ ನೀರು ತೆಗೆಯುವ ವಿಧಾನವನ್ನು ಹೇಳಿ, ಚೀಲದವರೆಗೆ ಇಳಿದುಬಿಟ್ಟ ಕರುಳನ್ನು ಚಿಕಿತ್ಸೆಗೆ ಸಿಗದ್ದೆಂದು ಅದು ಕೈಬಿಡುತ್ತದೆ. ಅಂದು ಕೈಬಿಟ್ಟಿದ್ದ ರೋಗಿ ಇಂದು ಶಸ್ತ್ರಚಿಕಿತ್ಸೆಯ ಮರುದಿನವೇ ಎದ್ದು ಓಡಾಡುತ್ತಾನೆ. ನೀರು ತುಂಬಿದ ಚೀಲವನ್ನು ಸೂಜಿಯಿಂದ ಬರಿದುಮಾಡಿದರೆ ಬಹುಮಟ್ಟಿಗೆ ಮತ್ತೆ ತುಂಬುವುದರಿಂದ ಇದಕ್ಕೂ ಈಗ ಶಸ್ತ್ರಚಿಕಿತ್ಸೆಯನ್ನೇ ಆಯ್ದುಕೊಳ್ಳುತ್ತಾರೆ.

ಹೈಡ್ರೋಸೀಲಿನ ಮಾತು ಬಂದಾಗ ಆನೆಕಾಲು ರೋಗವನ್ನು ಬಿಟ್ಟು ಮುಂದೆ ಹೋಗಲಾಗದು. ಇದನ್ನು ಹಿಂದಿಯಲ್ಲಿ ಹಾಥೀಪಾಂವ್ ಎನ್ನುತ್ತಾರೆ. ಗಂಗೆಯ ಬಯಲಿನ ಪೂರ್ವಭಾಗದಲ್ಲಿ ಇದು ಬಹುಕಾಲದಿಂದ ಬೇರೂರಿದೆ. ಕರ್ನಾಟಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳೂ ಕರಾವಳಿಯೂ ಇದರ ನೆಲೆಗಳು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿದಾಗ ದೇಹ ಸೇರುವ ಸೂಕ್ಷ್ಮ ಹುಳುಗಳು ದುಗ್ಧರಸ ನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಇವುಗಳ ಮರಿಗಳು ರಾತ್ರಿಯ ಹೊತ್ತು ಮಾತ್ರ ರಕ್ತದಲ್ಲಿ ಹೆಚ್ಚಾಗಿ ಸಂಚರಿಸುವುದರಿಂದ ಆರೋಗ್ಯ ಕಾರ್ಯಕರ್ತರು ರಾತ್ರಿಯಲ್ಲಿ ಮನೆಗೆ ಬಂದು ಬೆರಳಿನ ರಕ್ತ ಕೇಳುತ್ತಾರೆ. ಇದರಲ್ಲಿ ಸಂಶಯಪಡುವಂಥದ್ದು ಏನೂ ಇಲ್ಲ. ಮೊದಲಿಗೆ ಚಳಿಜ್ವರ, ತೊಡೆಸಂದಿನಲ್ಲಿ ನೋಯುವ ಗಂಟುಗಳು, ಅಲ್ಲಿಂದ ಕಾಲಿಗಿಳಿಯುವ ಕೆಂಪು ಗೆರೆ. ವರ್ಷಗಳ ನಂತರ ಕಾಲಿನ ಬಾವು ಅಥವಾ ಹೈಡ್ರೋಸೀಲ್. ಕಾಲು ದಪ್ಪವಾದವರು ಬೀದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಪಂಚೆಯ ಮರೆಯಲ್ಲಿ ಹೈಡ್ರೋಸೀಲನ್ನು ಹೊತ್ತು, ಸಭೆ ಸಮಾರಂಭಗಳನ್ನು ತಪ್ಪಿಸಿಕೊಂಡು, ಉಳುಮೆ ಬಿಟ್ಟು ಮನೆ ಹಿಡಿದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮವು 1955ರಲ್ಲಿ ಆರಂಭವಾಯಿತು. 2004ರಿಂದ ರೋಗಪೀಡಿತ ಜಿಲ್ಲೆಗಳ ಎಲ್ಲ ಜನರಿಗೂ ವರ್ಷಕ್ಕೊಮ್ಮೆ ಗುಳಿಗೆ ನುಂಗಿಸುವ ಕ್ರಮ ಬಂದಿತು. 2018ರ ಕೊನೆಯಲ್ಲಿ ಬಿಹಾರದ ಅರ್ವಲ್ ಜಿಲ್ಲೆಯಿಂದ ಮೊದಲಾಗಿ ಐವರ್‌ಮೆಕ್ಟಿನ್, ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಎಂಬ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಜಾರಿಗೆ ಬಂದಾಗ, ಮೊದಲಿಗೆ ಆಯ್ಕೆಯಾದ ಕೆಲವೇ ಜಿಲ್ಲೆಗಳಲ್ಲಿ ಉತ್ತರ ಪ್ರದೇಶದ ವಾರಾಣಸಿಯೂ ಕರ್ನಾಟಕದ ಯಾದಗಿರಿಯೂ ಇದ್ದವು. ಯಾತ್ರಿಕರು ಹೊರಡುವ ಊರು, ಸೇರುವ ಊರು ಎರಡೂ ಒಂದೇ ಪಟ್ಟಿಯಲ್ಲಿ! ಗುಳಿಗೆಯನ್ನು ಕಾರ್ಯಕರ್ತರ ಎದುರಿನಲ್ಲಿಯೇ, ಏನನ್ನಾದರೂ ತಿಂದ ಮೇಲೆ ನುಂಗಬೇಕು. ಗರ್ಭಿಣಿಯರು, ಎಳೆಯ ಮಕ್ಕಳು ಮತ್ತು ತೀವ್ರವಾಗಿ ಕಾಯಿಲೆ ಬಿದ್ದವರಿಗೆ ಇದರಿಂದ ವಿನಾಯಿತಿ ಇದೆ. ನುಂಗಿದ ನಂತರ ಕೆಲವರಿಗೆ ಬರುವ ಜ್ವರ, ತಲೆನೋವುಗಳು ದೇಹದಲ್ಲಿ ಹುಳುವಿದ್ದು ಅದು ಸಾಯುತ್ತಿರುವುದರ ಸೂಚನೆ. ಗುಳಿಗೆಯು ಸೋಂಕನ್ನು ತಡೆಯುತ್ತದೆ. ಈಗಾಗಲೇ ತುಂಬಿದ ಹೈಡ್ರೋಸೀಲನ್ನು ಕರಗಿಸುವುದಿಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯ ಇದೆ. 2027ರೊಳಗೆ ಈ ರೋಗವನ್ನು ದೇಶದಿಂದ ನಿವಾರಿಸುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿದೆ.

ತೊಡೆಸಂದಿನ ಗಂಟುಗಳೆಲ್ಲ ಆನೆಕಾಲು ರೋಗದವಲ್ಲ. ಬರಿಗಾಲಿನಲ್ಲಿ ನಡೆದಾಗ ಆದ ಚಿಕ್ಕ ಗಾಯ, ಬೆರಳ ಸಂದಿನ ಕೊಳೆತ ಇವುಗಳಿಂದಲೂ ಗ್ರಂಥಿ ಊದಿಕೊಳ್ಳುತ್ತದೆ. ಗಾಯ ಮಾಗಿದಂತೆ ಅದೂ ಇಳಿಯುತ್ತದೆ. ಜನನಾಂಗದಲ್ಲಿ ಹುಣ್ಣಿದ್ದು ತೊಡೆಸಂದಿನಲ್ಲಿ ಗಂಟು ಎದ್ದರೆ ಲೈಂಗಿಕ ಸೋಂಕಿನ ಪರೀಕ್ಷೆ ಅಗತ್ಯ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗೋಪ್ಯತೆ ಕಾಪಾಡುವ ಪ್ರತ್ಯೇಕ ಕ್ಲಿನಿಕ್ಕುಗಳಿದ್ದು, ದಂಪತಿಗಳಿಬ್ಬರೂ ಚಿಕಿತ್ಸೆ ಪಡೆಯಬೇಕು. ಮೂರು ನಾಲ್ಕು ವಾರ ಕಳೆದರೂ ಇಳಿಯದ, ನೋವಿಲ್ಲದ, ಗಟ್ಟಿಯಾದ ಗಂಟನ್ನು ಪರೀಕ್ಷಿಸಲೇಬೇಕು. ಬೆನ್ನುಮೂಳೆಯ ಕ್ಷಯದಲ್ಲಿ ಕೀವು ಸ್ನಾಯುವಿನ ಗುಂಟ ಇಳಿದು ತೊಡೆಸಂದಿನಲ್ಲಿ ಮೆತ್ತಗಿನ ಬಾವಾಗಿ ತೋರುವುದುಂಟು. ಜೊತೆಗೆ ಬೆನ್ನುನೋವು, ಸಂಜೆಯ ಜ್ವರ, ತೂಕದ ಇಳಿತ ಇದ್ದರೆ ಅದನ್ನು ಸಾಮಾನ್ಯ ಕುರುವೆಂದು ಕೊಯ್ಯಿಸಿಕೊಳ್ಳಬಾರದು. ಕ್ಷಯದ ಪರೀಕ್ಷೆ ಮತ್ತು ಔಷಧ ಸರ್ಕಾರದಿಂದ ಉಚಿತ.

ಇನ್ನು ಮುಂದೆ ಹೇಳುವುದನ್ನು ಗಂಡುಮಕ್ಕಳ ತಂದೆತಾಯಿಗಳು ವಿಶೇಷವಾಗಿ ಕೇಳಬೇಕು. ಹನ್ನೆರಡರಿಂದ ಹದಿನೆಂಟು ವರ್ಷದೊಳಗಿನ ಹುಡುಗ ನಡುರಾತ್ರಿ ನೋವಿನಿಂದ ಎದ್ದು ಕೂರುತ್ತಾನೆ, ವಾಂತಿ ಮಾಡುತ್ತಾನೆ, ಕೆಳಹೊಟ್ಟೆ ಮತ್ತು ತೊಡೆಸಂದನ್ನು ಹಿಡಿದುಕೊಳ್ಳುತ್ತಾನೆ. ಕೇಳಿದರೆ ಹೊಟ್ಟೆನೋವು ಎನ್ನುತ್ತಾನೆ. ವೃಷಣವನ್ನು ತೂಗುಹಾಕಿದ ಹುರಿ ತಿರುಚಿಕೊಂಡು ರಕ್ತ ನಿಂತಿರಬಹುದು. ನೋವು ಆರಂಭವಾದ ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಅಂಗವು ಬಹುತೇಕ ಉಳಿಯುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಂದು ಗಂಟೆಗೂ ಆಸೆ ಕ್ಷೀಣಿಸುತ್ತದೆ, ಇಪ್ಪತ್ತನಾಲ್ಕು ಗಂಟೆಗಳ ನಂತರ ಉಳಿಯುವುದು ವಿರಳ. ಬೆಳಗಾಗಲಿ ನೋಡೋಣ ಎಂಬ ಒಂದು ಮಾತಿಗೆ ತೆರಬೇಕಾದ ಬೆಲೆ ಇಷ್ಟು ದೊಡ್ಡದು. ಆದುದರಿಂದ ಹೊಟ್ಟೆನೋವೆನ್ನುವ ಹುಡುಗನನ್ನು ತಂದೆಯಾಗಲಿ ಸೋದರಮಾವನಾಗಲಿ ಏಕಾಂತದಲ್ಲಿ ಕರೆದು, "ಕೆಳಗೆ ಎಲ್ಲಿಯಾದರೂ ನೋಯುತ್ತಿದೆಯೇ?" ಎಂದು ನೇರವಾಗಿ ಕೇಳಬೇಕು. ಕೇಳುವವರೇ ನಾಚಿದರೆ ಹುಡುಗ ಹೇಳುವುದಾದರೂ ಹೇಗೆ? ನೋವಿಲ್ಲದೆ ವೃಷಣದಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರೂ ತರುಣರು ಸುಮ್ಮನಿರಬಾರದು. ಆ ವಯಸ್ಸಿನ ಅರ್ಬುದವನ್ನು ಬೇಗ ಗುರುತಿಸಿದರೆ ಗುಣಪಡಿಸುವುದು ಸಾಧ್ಯ. ಜ್ವರ ಮತ್ತು ಉರಿಮೂತ್ರದೊಂದಿಗೆ ನಿಧಾನವಾಗಿ ಏರುವ ವೃಷಣದ ನೋವು ಸೋಂಕಿನದಿರಬಹುದು. ಆದರೆ ತಿರುಚಿಕೊಂಡಿದೆಯೋ ಸೋಂಕೋ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಸಲ್ಲದು.

ಘಾಟಿನಲ್ಲಿ ಜಾರಿ ಬಿದ್ದ ವೃದ್ಧರ ವಿಚಾರವೂ ಇಲ್ಲಿಗೇ ಸೇರುತ್ತದೆ. ಪೆಟ್ಟು ಸೊಂಟದ ಪಕ್ಕಕ್ಕೆ ಬಿದ್ದಿದ್ದರೂ ನೋವು ತೊಡೆಸಂದಿನಲ್ಲಿರುತ್ತದೆ. ಕಾಲೂರಲು ಆಗದಿದ್ದರೆ, ಆ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಕುತ್ತಿಗೆ ಮುರಿದಿದೆಯೆಂದೇ ತಿಳಿದು ಎಕ್ಸ್‌ರೇ ತೆಗೆಸಬೇಕು. ಕೆಲವೊಮ್ಮೆ ಮುರಿದ ಮೂಳೆಯಲ್ಲಿಯೇ ಕುಂಟುತ್ತಾ ನಡೆಯುವವರಿದ್ದಾರೆ. ಬಿದ್ದಿರದಿದ್ದರೂ ತಿಂಗಳುಗಟ್ಟಲೆ ನಡೆದಾಗ ನೋಯುತ್ತಿದ್ದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಕಷ್ಟವಾದರೆ ಸೊಂಟದ ಕೀಲು ಸವೆದಿರುವ ಸಂಭವವಿದೆ. ಕುಂಟುವ ಮಗು ಮೊಣಕಾಲು ತೋರಿಸಿದರೂ ಸೊಂಟವನ್ನು ಪರೀಕ್ಷಿಸಬೇಕೆಂಬುದು ವೈದ್ಯರ ಹಳೆಯ ಪಾಠ.

ಬೆನ್ನಿನ ಪಕ್ಕದಿಂದ ಹೊರಟು ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುವ, ಕೂತರೂ ನಿಂತರೂ ತಡೆಯಲಾಗದ ನೋವು ಮೂತ್ರಪಿಂಡದ ಕಲ್ಲಿನ ಲಕ್ಷಣ. ಜೊತೆಗೆ ಚಳಿಜ್ವರವಿದ್ದರೆ ಅಥವಾ ಮೂತ್ರ ಕಟ್ಟಿದರೆ ಕಾಯಬಾರದು. ಮುಟ್ಟು ನಿಂತ ಕೆಲವು ವಾರಗಳಲ್ಲಿ ಒಂದು ಪಕ್ಕದ ಕೆಳಹೊಟ್ಟೆ, ತೊಡೆಸಂದಿನಲ್ಲಿ ನೋವು ಬಂದು ತಲೆ ಸುತ್ತಿದರೆ, ರಕ್ತ ಕಾಣಿಸಿದರೆ, ಗರ್ಭವು ಗರ್ಭಕೋಶದ ಹೊರಗೆ ನಿಂತು ಒಳಗೇ ರಕ್ತ ಸುರಿಯುತ್ತಿರಬಹುದು. ಅಂಥ ಸ್ತ್ರೀಯನ್ನು ನಡೆಸಿಕೊಂಡು ಹೋಗುವುದೂ ಅಪಾಯ.

ಹಾಗಾದರೆ ಎಲ್ಲಿಗೆ ಹೋಗಬೇಕು? ಭೇಲೂಪುರದಲ್ಲಿಯೇ ಸ್ವಾಮಿ ವಿವೇಕಾನಂದ ಸ್ಮಾರಕ ಸರ್ಕಾರಿ ಆಸ್ಪತ್ರೆ ಇದೆ. ದೀರ್ಘಕಾಲದ ನೋವು, ತುರಿಕೆ, ಒಳಹೋಗಿ ಬರುವ ಉಬ್ಬುಗಳಿಗೆ ಅಲ್ಲಿಯ ಹೊರರೋಗಿ ವಿಭಾಗದಿಂದ ಆರಂಭಿಸಬಹುದು. ಒಳಹೋಗದ ನೋಯುವ ಉಬ್ಬು, ವೃಷಣದ ಹಠಾತ್ ನೋವು, ಬಿದ್ದು ಏಳಲಾಗದಿರುವುದು, ಹರಡುವ ಕೆಂಪು, ಗರ್ಭಿಣಿಯ ತಲೆಸುತ್ತು ಇಂಥವುಗಳಿಗೆ ಲಂಕಾದಾಚೆ ಕಾಶಿ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆ, ಕಬೀರ್ ಚೌರಾದ ಶಿವಪ್ರಸಾದ ಗುಪ್ತ ಆಸ್ಪತ್ರೆಗಳಿವೆ. 108 ಸಂಖ್ಯೆಗೆ ದೂರವಾಣಿ ಮಾಡಿದರೆ ಕರ್ನಾಟಕದಲ್ಲಿ ಬರುವಂತೆಯೇ ಇಲ್ಲಿಯೂ ಆಂಬುಲೆನ್ಸ್ ಬರುತ್ತದೆ. ಕಿರಿದಾದ ಗಲ್ಲಿಯೊಳಕ್ಕೆ ವಾಹನ ಬಾರದ ಕಾರಣ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆಗೆ ತರುವ ಏರ್ಪಾಡನ್ನು ಜೊತೆಗಾರರು ಮಾಡಿಕೊಳ್ಳಬೇಕಾಗುತ್ತದೆ.

ಹಿಂದಿ ಬಾರದವರು ಎದೆಗುಂದಬೇಕಾಗಿಲ್ಲ. "ಜಾಂಘ್ ಕೇ ಜೋಡ್ ಮೇಂ ದರ್ದ್" ಎಂದರೆ ತೊಡೆಸಂದಿನಲ್ಲಿ ನೋವು. "ಸೂಜನ್" ಎಂದರೆ ಬಾವು. "ಉಲ್ಟೀ" ಎಂದರೆ ವಾಂತಿ. ಹರ್ನಿಯಾ, ಹೈಡ್ರೋಸೀಲ್ ಎಂಬ ಪದಗಳು ಎಲ್ಲ ಕಡೆಯೂ ಅವೇ. ನೋವು ಯಾವ ಗಂಟೆಗೆ ಆರಂಭವಾಯಿತು, ಕೊನೆಯ ಬಾರಿ ಆಹಾರ ತೆಗೆದುಕೊಂಡದ್ದು ಯಾವಾಗ, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದಾರೆಯೇ ಎಂಬ ನಾಲ್ಕು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಹೆಂಗಸರು ಮಹಿಳಾ ವೈದ್ಯರನ್ನು ಕೇಳಬಹುದು, ಪರೀಕ್ಷೆಯ ವೇಳೆ ಮನೆಯ ಹೆಂಗಸೊಬ್ಬರು ಜೊತೆಯಲ್ಲಿರಲು ಕೋರಬಹುದು. ಹಳೆಯ ಉಬ್ಬು ಇದ್ದವರು ಅದನ್ನು ಯಾತ್ರೆಗೆ ಹೊರಡುವ ಮುನ್ನವೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ವೈದ್ಯರು ಬರೆದ ಚೀಟಿಯನ್ನು ರೈಲಿನ ಟಿಕೆಟ್ಟಿನ ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು.